ದವಡೆಯಿಂದ ಕೇಳುವವರು

ಸೂಯೆಜ್
2 ಮಾರ್ಚ್ 2002

ಮಗಳು ಇಬ್ತಿಹಾಲಳಿಗೆ ಅಪ್ಪನ ಸಲಾಮುಗಳು.

ಇನ್ನು ಮುಂದೆ ಫೋನ್ ಮಾಡಬೇಡ. ಕುಸೇರಿನಿಂದ ಇಲ್ಲಿಗೆ ಬರುವ ತಂತಿ ಪೂರ್ತಿ ಕೆಟ್ಟಿದೆ. ಹೋದ ಶುಕ್ರವಾರ ನೀನು ಮಾತಾಡಿದ್ದು ಬಾಣಲೆಯಲ್ಲಿ ಮೀನು ಹುರಿದ ಹಾಗೆ ಕೇಳಿಸಿತು. ನೀನು ಏನೋ ಕೇಳಿದೆ, ನಾನು ಹೂಂ ಹೂಂ ಅಂದೆ. ಫೋನ್ ಇಟ್ಟ ಮೇಲೆ ಯಾವುದಕ್ಕೆ ಒಪ್ಪಿಕೊಂಡುಬಿಟ್ಟೆನೋ ಎಂದು ಭಯವಾಯಿತು. ಕಾಗದ ಬರೆ. ಕಾಗದ ಗೊರಗೊರ ಅನ್ನುವುದಿಲ್ಲ.

ನಿನ್ನ ಮಗಳು ಯಾವ ಡಾಕ್ಟರು ಎಂದು ಬೀದಿಯವರು ಕೇಳುತ್ತಾರೆ. ಕಿವಿ ಡಾಕ್ಟರು ಎನ್ನುತ್ತೇನೆ. ಯಾರ ಕಿವಿ ಎಂದು ಮಾತ್ರ ಹೇಳುವುದಿಲ್ಲ. ರೊಟ್ಟಿ ಅಂಗಡಿಯವನ ಹೆಂಡತಿ ತನ್ನ ಅತ್ತೆಯನ್ನು ಕರೆದುಕೊಂಡು ನಿನ್ನ ಹತ್ತಿರ ಹೊರಟೇ ನಿಂತಿದ್ದಳು. ಸರದಿ ಬಹಳ ಉದ್ದ ಇದೆಯಮ್ಮ ಎಂದು ಹೇಳಿ ತಪ್ಪಿಸಿಕೊಂಡೆ. ಆ ಸರದಿಯಲ್ಲಿ ನಿಂತಿರುವವರಿಗೆ ಬಾಲ ಇದೆ ಎಂದು ಹೇಗೆ ಹೇಳಲಿ?

ಅಂಗಡಿಯಲ್ಲಿ ಎರಡು ಹೊಸ ಸಿಮ್ಸಿಮಿಯಾ ಮುಗಿಸಿದೆ. ಮರ ಚೆನ್ನಾಗಿದೆ, ಮೇಲಿನ ಅಡ್ಡಪಟ್ಟಿ ನೇರವಾಗಿ ಕೂತಿದೆ. ಈಗಿನ ತಂತಿಗಳಿಗೆ ಮಾತ್ರ ಜೀವ ಇಲ್ಲ. ಹೇಗೆ ಮೀಟಿದರೂ ಮಂಕಾಗಿ ನುಡಿಯುತ್ತವೆ. ಬಿರಡೆಯನ್ನು ಇನ್ನಷ್ಟು ತಿರುವಿ ಬಿಗಿದರೆ ಆಗ ಸ್ವಲ್ಪ ಬೆಳಕು ಬರುತ್ತದೆ.

ಗುರುವಾರದ ಕೂಟ ಎಂದಿನಂತೆ ನಡೆಯುತ್ತಿದೆ. ನಾನು ಮೊದಲು ಶ್ರುತಿ ಮಾಡುವುದು, ಮಿಕ್ಕವರೆಲ್ಲ ನನ್ನ ಶ್ರುತಿಗೆ ಕೂಡಿಸಿಕೊಳ್ಳುವುದು, ಆಮೇಲೆ ಚಹಾ, ಆಮೇಲೆ ಹಾಡು. ಪಾಪ, ಸನೂಸಿಗೆ ವಯಸ್ಸಾಯಿತು. ನೀರು ಕುಡಿದ ಹಾಗೆ ಹಾಡುತ್ತಿದ್ದ ಹಾಡುಗಳಿಗೇ ಈಗ ಅವನ ಕತ್ತಿನ ನರ ಉಬ್ಬುತ್ತದೆ, ಮುಖ ಟೊಮೆಟೊ ಆಗುತ್ತದೆ. ಸಿಗರೇಟು ಬಿಡು ಅಂದರೆ ತಲೆ ಆಡಿಸುತ್ತಾನೆ, ಬಿಡುವುದಿಲ್ಲ.

ಮಸೀದಿಯ ಧ್ವನಿವರ್ಧಕವನ್ನು ಯಾರೋ ತಗ್ಗಿಸಿದ್ದಾರೆ. ಜನವೂ ಈಗೀಗ ಬಾಯೊಳಗೇ ಮಾತಾಡುತ್ತಾರೆ. ಇನ್ನೆಲ್ಲ ಕ್ಷೇಮ. ಒಣಮೀನು ಕಳಿಸಬೇಡ, ಇಲ್ಲೂ ಸಮುದ್ರವಿದೆ.

ನಿನ್ನ ಅಪ್ಪ
ಮಿತ್ವಲ್ಲಿ


ಕುಸೇರ್
19 ಮಾರ್ಚ್ 2002

ಪ್ರೀತಿಯ ಅಪ್ಪನಿಗೆ,

ನೀವು ಒಪ್ಪಿಕೊಂಡದ್ದು ಇಷ್ಟೇ: ವಾರಕ್ಕೆರಡು ಸಲ ಕೋಳಿ ತಿನ್ನುತ್ತೀರಾ ಎಂದು ಕೇಳಿದೆ, ಹೂಂ ಅಂದಿರಿ. ಆ ಮಾತನ್ನು ಉಳಿಸಿಕೊಳ್ಳಿ.

ನನ್ನ ಸರದಿಯಲ್ಲಿ ನಿಂತವರ ಬಗ್ಗೆ ನಿಮಗೆ ಸರಿಯಾಗಿ ಹೇಳಿಯೇ ಇಲ್ಲ. ಮೊದಲನೆಯದಾಗಿ, ಅವು ಮೀನಲ್ಲ. ನಮ್ಮ ಹಾಗೆ ಉಸಿರಾಡುತ್ತವೆ, ಮರಿಗೆ ಹಾಲೂಡಿಸುತ್ತವೆ. ಡಾಲ್ಫಿನ್ನಿನ ಕಿವಿ ಎಲ್ಲಿದೆ ಎಂದು ಹುಡುಕಿದರೆ ಕಣ್ಣಿನ ಹಿಂದೆ ಸೂಜಿ ಚುಚ್ಚಿದಷ್ಟು ಸಣ್ಣ ತೂತು ಸಿಗುತ್ತದೆ. ಆದರೆ ಅದು ಕೇಳುವುದು ಆ ತೂತಿನಿಂದಲ್ಲ, ಕೆಳದವಡೆಯಿಂದ. ಅಲ್ಲಿಯ ಮೂಳೆ ತೆಳ್ಳಗಿರುತ್ತದೆ, ಒಳಗೆ ಒಂದು ಬಗೆಯ ಕೊಬ್ಬು ತುಂಬಿರುತ್ತದೆ. ನೀರಿನಲ್ಲಿ ಬಂದ ಸದ್ದನ್ನು ಅದು ಒಳಕಿವಿಗೆ ಮುಟ್ಟಿಸುತ್ತದೆ. ಮೊದಲ ಸಲ ಇದನ್ನು ಓದಿದಾಗ ಪುಸ್ತಕ ಮುಚ್ಚಿ ನನ್ನ ಗಲ್ಲವನ್ನೇ ಮುಟ್ಟಿ ನೋಡಿಕೊಂಡಿದ್ದೆ.

ನಮಗೆ ಕೇಳಿಸುವ ಅತಿ ಕೀರಲು ಸದ್ದಿಗಿಂತ ಏಳು ಪಟ್ಟು ಕೀರಲಾದದ್ದೂ ಅವಕ್ಕೆ ಕೇಳಿಸುತ್ತದೆ. ದೊಡ್ಡ ತಿಮಿಂಗಿಲಗಳದ್ದು ಇನ್ನೊಂದು ತುದಿ. ನಮ್ಮ ಕಿವಿಗೆ ಬೀಳದಷ್ಟು ತಗ್ಗಿನಲ್ಲಿ ಗುನುಗುತ್ತವೆ. ಆ ಗುನುಗು ಸೂಯೆಜಿನಿಂದ ಕುಸೇರಿನಷ್ಟು ದೂರದಲ್ಲಿರುವ ಇನ್ನೊಂದಕ್ಕೂ ಮುಟ್ಟೀತು. ಈ ಎರಡರ ನಡುವಿನ ಒಂದು ಸಣ್ಣ ತುಂಡು ನಮ್ಮದು. ಅಜಾನ್, ಸಿಮ್ಸಿಮಿಯಾ, ಬೀದಿಯ ಬೈಗುಳ, ಎಲ್ಲ ಅದರೊಳಗೇ.

ಈ ಹುಚ್ಚು ಹಿಡಿಸಿದ್ದು ಯಾರು ಗೊತ್ತಲ್ಲ? ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಶಾಲೆಯ ಪಾಠ ಬರೆಯುತ್ತಿದ್ದೆ. ಬೀದಿಯಲ್ಲಿ ಲಾರಿ ಹೋದರೆ ಗೋಡೆಗೆ ನೇತುಹಾಕಿದ ವಾದ್ಯಗಳೆಲ್ಲ ಜುಂ ಎನ್ನುತ್ತಿದ್ದವು. ನೀವು ಒಳಗಡೆ ಮರಕ್ಕೆ ರಂದ ಹೊಡೆಯುತ್ತಲೇ, ಬಾಗಿಲ ಪಕ್ಕದ್ದರ ಮೂರನೇ ತಂತಿ ಇಳಿದಿದೆ ನೋಡು ಎನ್ನುತ್ತಿದ್ದಿರಿ. ಹೋಗಿ ನೋಡಿದರೆ ಇಳಿದಿರುತ್ತಿತ್ತು. ಅಂಥ ಕಿವಿಯನ್ನು ನಾನು ಇನ್ನೊಂದು ಕಂಡಿಲ್ಲ, ಮನುಷ್ಯರಲ್ಲಂತೂ ಇಲ್ಲ.

ಅಂದ ಹಾಗೆ, ನಿನ್ನೆ ಇದೇ ಫೋನಿನಿಂದ ಸನೂಸಿ ಮಾಮನಿಗೆ ಮಾಡಿದ್ದೆ. ಅವರು ಆಕಳಿಸಿದ್ದೂ ಕೇಳಿಸಿತು. ನಿಮ್ಮ ಮನೆ ಹತ್ತಿರವೇ ಏನಾದರೂ ಆಗಿದೆಯೇನೋ. ಆದರೂ ಕಾಗದ ಬರೆಯುತ್ತೇನೆ.

ನಿಮ್ಮ
ಇಬ್ತಿಹಾಲ್


ಸೂಯೆಜ್
11 ಏಪ್ರಿಲ್ 2002

ಡಾಕ್ಟರಮ್ಮ ಇಬ್ತಿಹಾಲಳಿಗೆ, ನಿನ್ನ ಸನೂಸಿ ಮಾಮನಿಂದ.

ಈ ಕಾಗದ ಬರೆದದ್ದು ನಿಮ್ಮಪ್ಪನಿಗೆ ತಿಳಿಯಬಾರದು. ತಿಳಿದರೆ ಅವನ ರಂದದಲ್ಲಿ ನನ್ನನ್ನೇ ನುಣುಪು ಮಾಡುತ್ತಾನೆ.

ನೀನು ಫೋನಿನಲ್ಲಿ ಕೇಳಿದೆ, ನಾನು ಆಕಳಿಸಿ ಮಾತು ಮರೆಸಿದೆ. ಈಗ ಹೇಳುತ್ತೇನೆ. ಅವನಿಗೆ ಕಿವಿ ಕೇಳಿಸುವುದಿಲ್ಲ. ಎಪ್ಪತ್ತಮೂರರ ಯುದ್ಧದ ಮುತ್ತಿಗೆಯಲ್ಲಿ ಅಂಗಡಿಯ ಹತ್ತಿರ ಫಿರಂಗಿ ಗುಂಡು ಬಿದ್ದಾಗ ಎರಡೂ ಕಿವಿಯಿಂದ ರಕ್ತ ಬಂದಿತ್ತು, ನಿನಗೆ ಹೇಳಿರಲಾರ. ಆಮೇಲೂ ಆಗಾಗ ಸೋರುತ್ತಿತ್ತು, ಹತ್ತಿ ತುರುಕಿಕೊಂಡು ಕೆಲಸ ಮಾಡುತ್ತಿದ್ದ. ಈ ಮೂರು ನಾಲ್ಕು ವರ್ಷದಿಂದ ತೀರಾ ಹೆಚ್ಚಾಗಿದೆ.

ಅವನ ಸಿಮ್ಸಿಮಿಯಾ ಒಂದು ಪೂರ್ತಿ ಸ್ವರ ಮೇಲೇರಿದೆ. ತಂತಿ ಮಂಕು ಎಂದು ಬಿಗಿಯುತ್ತಾನೆ, ಬಿಗಿಯುತ್ತಾನೆ. ಅವನು ಏರಿದಷ್ಟು ನಾವೂ ಏರುತ್ತೇವೆ. ಕೂಟದಲ್ಲಿ ವಾರಕ್ಕೊಂದು ತಂತಿ ಪಟ್ ಎಂದು ಹರಿಯುತ್ತದೆ, ಹಳೆಯದಾಗಿತ್ತು ಬಿಡು ಎನ್ನುತ್ತೇವೆ. ನಾನು ಆ ಎತ್ತರದಲ್ಲಿ ಹಾಡಿ ಮನೆಗೆ ಬಂದು ಬಿಸಿನೀರಲ್ಲಿ ಗಂಟಲು ಮುಕ್ಕಳಿಸುತ್ತೇನೆ. ಅವನು ನನಗೆ ಸಿಗರೇಟಿನ ಪಾಠ ಹೇಳುತ್ತಾನೆ!

ಯಾಕೆ ಹೇಳಲಿಲ್ಲ ಎನ್ನುತ್ತೀಯ. ಯುದ್ಧ ಮುಗಿದು, ಊರು ಬಿಟ್ಟು ಹೋಗಿದ್ದ ನಾವೆಲ್ಲ ಮರಳಿದಾಗ ಇಲ್ಲಿ ಒಂದು ವಾದ್ಯವೂ ಉಳಿದಿರಲಿಲ್ಲ. ಹಾಡು ನೆನಪಿತ್ತು, ಯಾವ ಶ್ರುತಿಯಲ್ಲಿ ಹಾಡುತ್ತಿದ್ದೆವು ಎನ್ನುವುದೇ ಮರೆತಿತ್ತು. ಒಬ್ಬೊಬ್ಬನದು ಒಂದೊಂದು. ಸಾಲದ್ದಕ್ಕೆ ಜಗಳ ಬೇರೆ. ನಿಮ್ಮಪ್ಪ ಸುಟ್ಟ ಬಾಗಿಲಿನ ಮರದಿಂದ ಒಂದು ಸಿಮ್ಸಿಮಿಯಾ ಮಾಡಿ, ಕಣ್ಣು ಮುಚ್ಚಿ ಬಿರಡೆ ತಿರುವಿದ. "ಇದೇ" ಅಂದ. ಅದೇ ಆಗಿತ್ತು. ನಾವು ಗಂಡಸರು ಕೂತು ಅತ್ತುಬಿಟ್ಟೆವು. ಅಂಥವನಿಗೆ ನಿನ್ನ ಶ್ರುತಿ ತಪ್ಪಿದೆ ಎಂದು ಯಾವ ಬಾಯಿಂದ ಹೇಳುವುದು?

ಆದರೆ ಅಕ್ಟೋಬರ್ ಇಪ್ಪತ್ನಾಲ್ಕರ ಊರ ಹಬ್ಬಕ್ಕೆ ಈ ಸಲ ಪೋರ್ಟ್ ಸೈದಿನವರೂ ಬರುತ್ತಾರೆ. ಎರಡು ಕೂಟ, ಒಂದೇ ವೇದಿಕೆ, ಒಟ್ಟಿಗೆ ಬಾರಿಸಬೇಕು. ಅವರ ಜೊತೆ ಅಕಾರ್ಡಿಯನ್ ಇದೆ, ಅದರ ಶ್ರುತಿಯನ್ನು ಯಾರ ಮರ್ಯಾದೆಗೂ ಏರಿಸಲು ಬರುವುದಿಲ್ಲ. ಇಡೀ ಊರಿನ ಎದುರು ನಿಮ್ಮಪ್ಪನಿಗೆ ಗೊತ್ತಾಗುತ್ತದೆ. ಅದೊಂದು ಆಗಬಾರದು ಮಗಳೇ. ನಿನಗೆ ಕಿವಿಯ ವಿದ್ಯೆ ಗೊತ್ತು. ಏನಾದರೂ ಮಾಡು.

ಸನೂಸಿ


ಕುಸೇರ್
6 ಮೇ 2002

ಪ್ರೀತಿಯ ಅಪ್ಪನಿಗೆ,

ನಮ್ಮಲ್ಲಿಗೆ ಒಬ್ಬ ಮುದುಕ ಬಂದಿದ್ದಾನೆ. ದಕ್ಷಿಣದ ಕೊಲ್ಲಿಯಲ್ಲಿ ಬಲೆಗೆ ಸಿಕ್ಕಿಕೊಂಡಿದ್ದ ಗಂಡು ಡಾಲ್ಫಿನ್. ಹಲ್ಲೆಲ್ಲ ಸವೆದು ಹೋಗಿವೆ, ಬೆನ್ನಿನ ರೆಕ್ಕೆಯ ತುಂಬ ಹಳೆಯ ಗಾಯಗಳು. ದೋಣಿಯವರು ಅವನನ್ನು ಹಾಜಿ ಎಂದು ಕರೆಯುತ್ತಾರೆ. ಗಾಯ ಮಾಯುವವರೆಗೆ ಆಳವಿಲ್ಲದ ಒಂದು ಲಗೂನಿನಲ್ಲಿ ಬಲೆ ಕಟ್ಟಿ ಇಟ್ಟುಕೊಂಡಿದ್ದೇವೆ. ಮಲ್ಲೆಟ್ ಮೀನು ಬಿಟ್ಟು ಬೇರೆ ಕೊಟ್ಟರೆ ಉಗುಳುತ್ತಾನೆ. ನಿಮ್ಮ ಪೈಕಿಯೇ.

ಅವನನ್ನು ಬಿಡುವ ಮೊದಲು ಕೇಳಿಸುತ್ತದೆಯೇ ನೋಡಬೇಕಿತ್ತು. ಡಾಲ್ಫಿನ್ ಕಣ್ಣಿಗಿಂತ ಕಿವಿಯಿಂದ ಬದುಕುವ ಪ್ರಾಣಿ. ತಾನೇ ಟಿಕ್ ಟಿಕ್ ಎಂದು ಸದ್ದು ಮಾಡಿ, ಅದು ಮೀನಿಗೆ ತಾಗಿ ವಾಪಸು ಬಂದದ್ದನ್ನು ದವಡೆಯಿಂದ ಹಿಡಿದು, ಮೀನು ಎಷ್ಟು ದೂರ, ಎಷ್ಟು ದಪ್ಪ ಎಂದು ಕತ್ತಲಲ್ಲೂ ಹೇಳಬಲ್ಲದು. ಕೇಳಿಸದಿದ್ದರೆ ಅದಕ್ಕೆ ಬೇಟೆ ಇಲ್ಲ.

ಪರೀಕ್ಷೆ ಬಹಳ ಸುಲಭ. ತಲೆಯ ಮೇಲೆ ಮೆತ್ತನೆಯ ರಬ್ಬರಿನ ಬಟ್ಟಲು ಅಂಟಿಸುತ್ತೇವೆ, ದವಡೆಯ ಹತ್ತಿರ ಸದ್ದು ಮಾಡುತ್ತೇವೆ. ಸದ್ದು ಕೇಳಿಸಿದರೆ ಮಿದುಳಿನಲ್ಲಿ ಏಳುವ ಅಲೆ ಪರದೆಯ ಮೇಲೆ ಕಾಣುತ್ತದೆ. ಅವನು ಏನೂ ಹೇಳಬೇಕಾಗಿಲ್ಲ. ನಾನು ಸೊಂಟದವರೆಗೆ ನೀರಿನಲ್ಲಿ ನಿಂತು ಅವನ ಗಲ್ಲ ಹಿಡಿದುಕೊಂಡಿದ್ದೆ. ನನಗೆ ಒಂದು ಚೂರೂ ಕೇಳಿಸದ ಸದ್ದಿಗೆ ನನ್ನ ಕೈಯೊಳಗಿನ ತಲೆ ಉತ್ತರ ಕೊಡುತ್ತಿತ್ತು. ಅಪ್ಪ, ನನಗೆ ಮೈ ಜುಂ ಎಂದಿತು.

ಹಾಜಿಗೆ ಕಿವಿ ಅರ್ಧ ಹೋಗಿದೆ. ಮೇಲಿನ ಸದ್ದುಗಳಿಗೆ ಅಲೆಯೇ ಏಳಲಿಲ್ಲ. ವಯಸ್ಸಾದ ಗಂಡುಗಳಿಗೆ ಹೀಗಾಗುತ್ತದೆ, ಮನುಷ್ಯರಲ್ಲೂ ಡಾಲ್ಫಿನ್ನಿನಲ್ಲೂ. ಅವನಿಗೆ ಉಳಿದಿರುವುದೇ ನಮ್ಮ ಚುರುಕು ಕಿವಿಯ ಮೂರರಷ್ಟಿದೆ ಎನ್ನುವುದು ಬೇರೆ ಮಾತು.

ಇದೇ ಪರೀಕ್ಷೆಯನ್ನು ಆಸ್ಪತ್ರೆಗಳಲ್ಲಿ ಆಗ ತಾನೇ ಹುಟ್ಟಿದ ಕೂಸುಗಳಿಗೂ ಮಾಡುತ್ತಾರೆ. ಕೂಸಿಗೂ ಬಾಯಿ ಬಿಟ್ಟು ಹೇಳಲು ಬರುವುದಿಲ್ಲ. ಡಾಲ್ಫಿನ್ ಒಂದು, ಕೂಸು ಎರಡು. ಮೂರನೆಯದು, ಹೇಳಲು ಬಂದರೂ ಹೇಳದ ಅಪ್ಪಂದಿರು.

ನೀವು ಇಲ್ಲಿಗೆ ಬನ್ನಿ. ನಾನೇ ನೋಡುತ್ತೇನೆ. ಫೋನಿನಲ್ಲಿ ನಿಮ್ಮ ಹೂಂ ಹೂಂ ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ.

ನಿಮ್ಮ
ಇಬ್ತಿಹಾಲ್


ಸೂಯೆಜ್
15 ಮೇ 2002

ಇಬ್ತಿಹಾಲ್,

ನಾನು ನಿನ್ನ ಮೀನಲ್ಲ.

ಮುದಿ ಪ್ರಾಣಿಯ ಕಥೆ ಹೇಳಿ ಯಾರಿಗೆ ಚುಚ್ಚುತ್ತಿದ್ದೀಯ ಎಂದು ತಿಳಿಯದಷ್ಟು ದಡ್ಡ ನಾನಲ್ಲ. ಯಾರು ಹೇಳಿಕೊಟ್ಟರು ಎಂದೂ ಗೊತ್ತು. ಸನೂಸಿಗೆ ಗಂಟಲು ಹೋಗಿದೆ, ನನ್ನ ಕಿವಿಯ ಮೇಲೆ ಹಾಕುತ್ತಾನೆ. ಈ ಊರಿನ ಎಲ್ಲ ಸಿಮ್ಸಿಮಿಯಾಗಳೂ ನನಗೆ ಶ್ರುತಿ ಕೂಡಿಸಿಕೊಳ್ಳುತ್ತವೆ. ನಾನು ತಪ್ಪಿದ್ದರೆ ಅಷ್ಟು ಜನರಲ್ಲಿ ಒಬ್ಬನಾದರೂ ಹೇಳುತ್ತಿರಲಿಲ್ಲವೇ?

ಹಬ್ಬದ ದಿನ ವೇದಿಕೆಯ ಮೇಲೆ ನಾನೇ ಮೊದಲ ತಂತಿ ಮೀಟುತ್ತೇನೆ. ಬೇಕಾದರೆ ಬಂದು ಕೇಳು, ನಿನ್ನ ಕಿವಿ ಚೆನ್ನಾಗಿದೆಯಲ್ಲ.

ಕಾಗದ ಬರೆಯಬೇಡ.

ಮಿತ್ವಲ್ಲಿ


ಕುಸೇರ್
20 ಆಗಸ್ಟ್ 2002

ಅಪ್ಪ,

ಬೇಡ ಅಂದಿರಿ, ಬರೆಯದೆ ಇದ್ದೆ. ಇನ್ನು ನನ್ನಿಂದ ಆಗುವುದಿಲ್ಲ. ಮೂರನೆಯದು ಅಪ್ಪಂದಿರು ಎಂದು ತಮಾಷೆ ಮಾಡಿದ್ದರಿಂದ ನಿಮಗೆ ನೋವಾಯಿತು. ತಮಾಷೆ ಮಾಡದೆ ಹೇಳಲು ನನಗೆ ಧೈರ್ಯವಿರಲಿಲ್ಲ.

ಹಾಜಿಯನ್ನು ಬಿಟ್ಟೆವು. ಬಿಡಬೇಕೋ ಬೇಡವೋ ಎಂದು ನಮ್ಮ ನಮ್ಮಲ್ಲೇ ದೊಡ್ಡ ವಾದ ನಡೆದಿತ್ತು. ಆದರೆ ದಿನವೂ ಬೆಳಿಗ್ಗೆ ಬಲೆಯ ಆಚೆ ಅವನ ಗುಂಪಿನ ನಾಲ್ಕೈದು ಡಾಲ್ಫಿನ್‌ಗಳು ಬಂದು ಕಾಯುತ್ತಿದ್ದವು. ಬಲೆ ಎತ್ತಿದ ದಿನ ಅವನು ನಿಧಾನವಾಗಿ ಹೊರಗೆ ಹೋದ, ಎರಡು ಅವನ ಎಡಬಲಕ್ಕೆ ಬಂದು ಮೈಗೆ ಮೈ ತಾಗುವಷ್ಟು ಹತ್ತಿರ ಈಜಿದವು. ಅವು ಮಾಡುವ ಸದ್ದಿನ ಮರುದನಿಯನ್ನು ಇವನೂ ಕೇಳಿಸಿಕೊಳ್ಳುತ್ತಾನೋ, ಅದರಿಂದಲೇ ಇಷ್ಟು ದಿನ ಬದುಕಿದನೋ, ನಮಗೆ ಗೊತ್ತಿಲ್ಲ. ವರದಿಯಲ್ಲಿ ಗೊತ್ತಿಲ್ಲ ಎಂದೇ ಬರೆದೆ. ಹೋದ ವಾರ ದೋಣಿಯವರು ಅವನನ್ನು ಕಂಡರಂತೆ, ದಪ್ಪಗಾಗಿದ್ದಾನಂತೆ.

ನಿಮ್ಮನ್ನು ಬಾ ಎಂದು ಕರೆಯುವುದಿಲ್ಲ. ಒಂದೇ ಒಂದು ಕೇಳಿಕೊಳ್ಳುತ್ತೇನೆ. ಅಮ್ಮನ ಕೈಗಡಿಯಾರಕ್ಕೆ ನೀವು ಇನ್ನೂ ದಿನಾ ಕೀಲಿ ಕೊಡುತ್ತೀರಲ್ಲ, ಅದನ್ನು ಯಾರೂ ಇಲ್ಲದಾಗ ಹಲ್ಲಿನ ನಡುವೆ ಮೆಲ್ಲಗೆ ಕಚ್ಚಿಕೊಳ್ಳಿ. ಅಷ್ಟೇ. ಮನುಷ್ಯರೂ ದವಡೆಯಿಂದ ಸ್ವಲ್ಪ ಕೇಳಬಲ್ಲರು. ಹೊರಗಿನ ಬಾಗಿಲು ಕೆಟ್ಟಿದ್ದರೂ ಒಳಕಿವಿ ನೆಟ್ಟಗಿದ್ದರೆ ಮೂಳೆಯ ದಾರಿಯಲ್ಲಿ ಸದ್ದು ಒಳಗೆ ಹೋಗುತ್ತದೆ. ಕೇಳಿಸಿದರೆ ಆಮೇಲೆ ಸಿಮ್ಸಿಮಿಯಾದ ಅಡ್ಡಪಟ್ಟಿಗೆ ಗಲ್ಲ ಒತ್ತಿ ಒಂದು ತಂತಿ ಮೀಟಿ ನೋಡಿ. ಏನಾಯಿತು ಎಂದು ನನಗೆ ಹೇಳಲೇಬೇಕೆಂದಿಲ್ಲ.

ನಿಮ್ಮ ಕಿವಿಯ ಮೇಲೆ ನನಗಿದ್ದ ಹೆಮ್ಮೆ ಒಂದು ಚೂರೂ ಕಡಿಮೆಯಾಗಿಲ್ಲ.

ನಿಮ್ಮ
ಇಬ್ತಿಹಾಲ್


ಸೂಯೆಜ್
27 ಅಕ್ಟೋಬರ್ 2002

ಮಗಳು ಇಬ್ತಿಹಾಲಳಿಗೆ,

ನಿನ್ನ ಕಾಗದವನ್ನು ಮಡಿಸಿ ಅಂಟಿನ ಡಬ್ಬಿಯ ಕೆಳಗೆ ಇಟ್ಟುಬಿಟ್ಟಿದ್ದೆ. ಅಮ್ಮನ ಗಡಿಯಾರವನ್ನು ಬಾಯಿಗೆ ಹಾಕಿಕೊಳ್ಳಲು ನಾನೇನು ಹಲ್ಲು ಬರುತ್ತಿರುವ ಮಗುವೇ ಎಂದು ಸಿಟ್ಟು ಬಂದಿತ್ತು. ಹಬ್ಬಕ್ಕೆ ಮೂರು ವಾರ ಇದೆ ಎನ್ನುವಾಗ ಒಂದು ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದುಕೊಂಡೆ.

ಕಚ್ಚಿದೆ. ಟಿಕ್ ಟಿಕ್ ಎಂದಿತು.

ಅದರ ಸದ್ದು ನಿಂತು ಎಷ್ಟೋ ವರ್ಷವಾಯಿತು ಎಂದುಕೊಂಡಿದ್ದೆ ಮಗಳೇ. ಮುಳ್ಳು ಓಡುತ್ತದೆ, ಸದ್ದು ಸತ್ತಿದೆ ಎಂದುಕೊಂಡು ಕೀಲಿ ಕೊಡುತ್ತಿದ್ದೆ. ಅದು ನಿಂತೇ ಇರಲಿಲ್ಲ. ಅದನ್ನು ಕಚ್ಚಿಕೊಂಡೇ ಕೂತೆ, ಗಿರಾಕಿಯೊಬ್ಬ ಬಾಗಿಲು ಬಡಿದನಂತೆ, ನನಗೆ ಗೊತ್ತಾಗಲಿಲ್ಲ.

ಆಮೇಲೆ ಸಿಮ್ಸಿಮಿಯಾ ತೆಗೆದು ಗಲ್ಲ ಒತ್ತಿದೆ. ತಂತಿ ಮೀಟಿದೆ. ಮಂಕು ಇರಲಿಲ್ಲ, ಮೊದಲಿನ ಹಾಗೆಯೇ ಬೆಳಗಿತು. ಖುಷಿಯಾಗಿ ಆರೂ ತಂತಿ ಮೀಟಿದೆ. ಆಗ ತಿಳಿಯಿತು. ಶ್ರುತಿ ಎಲ್ಲೋ ಮೇಲೆ ಹೋಗಿ ಕೂತಿದೆ. ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೂಟದ ಅಷ್ಟೂ ವಾದ್ಯಗಳು ಇದೇ ಎತ್ತರದಲ್ಲಿವೆ, ಸನೂಸಿ ಇಷ್ಟು ಮೇಲೆ ಹಾಡುತ್ತಿದ್ದಾನೆ ಎಂದು ಆಮೇಲೆ ಹೊಳೆಯಿತು. ಅವನ ಉಬ್ಬಿದ ನರ ನೆನಪಾಗಿ ನನಗೆ ನನ್ನ ಮೇಲೇ ಅಸಹ್ಯವಾಯಿತು.

ಅವನ ಮನೆಗೆ ಹೋಗಿ ಯಾಕೋ ಹೇಳಲಿಲ್ಲ ಎಂದು ಕೂಗಾಡಿದೆ. ಅವನು ನಾನು ಕೂಗಿ ಮುಗಿಸುವವರೆಗೂ ಕಾದು, ನನ್ನ ಎದುರಿಗೆ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದ.

"ನಿನ್ ಜೊತೆ ಮೇಲಕ್ಕೆ ಹತ್ತೋದು ಸುಲಭ ಇತ್ತು ಕಣೋ. ನಿನ್ನ ಅಲ್ಲೇ ಬಿಟ್ಟು ನಾವು ಮಾತ್ರ ಕೆಳಗಿಳಿಯೋದು ಆಗ್ಲಿಲ್ಲ."

ಆ ಗುರುವಾರ ಎಲ್ಲರ ಎದುರಿಗೇ ಗಲ್ಲವನ್ನು ಪಟ್ಟಿಗೆ ಒತ್ತಿ ಬಿರಡೆಗಳನ್ನು ಇಳಿಸಿದೆ. ಇದೇ ಅಂದೆ. ಎಲ್ಲರೂ ಇಳಿಸಿಕೊಂಡರು. ಚಹಾ ಬಂತು.

ಹಬ್ಬದ ದಿನ ಪೋರ್ಟ್ ಸೈದಿನ ಅಕಾರ್ಡಿಯನ್ನಿನವನು ಒಂದು ಸ್ವರ ಹಿಡಿದು ನಮ್ಮ ಕಡೆ ನೋಡಿದ. ನಾನು ಗಲ್ಲ ಒತ್ತಿ ಮೀಟಿದೆ. ಅವನು ತಲೆ ಆಡಿಸಿ ನಕ್ಕ. ಎರಡು ಊರಿನ ವಾದ್ಯಗಳಲ್ಲಿ ಒಂದು ಬಿರಡೆಯನ್ನೂ ತಿರುವಬೇಕಾಗಿ ಬರಲಿಲ್ಲ. ಇದನ್ನು ಬೇಕಾದರೆ ನಿನ್ನ ವರದಿಯಲ್ಲಿ ಸೇರಿಸು.

ಮುಂದಿನದನ್ನೂ ಕೇಳು. ಜನ ಚಪ್ಪಾಳೆ ಹಾಕುತ್ತಿದ್ದರು, ಡೋಲು, ತಾಳದ ಚಮಚ, ಬಡಿಯುವ ಕಬ್ಬಿಣದ ತ್ರಿಕೋನ, ಎಲ್ಲ ಒಟ್ಟಿಗೆ. ನನಗೆ ಗಲ್ಲದ ಕೆಳಗಿನ ನನ್ನ ತಂತಿ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಸನೂಸಿಯ ಬಾಯಿ ಆಡುವುದನ್ನು ನೋಡಿ ಬೆರಳು ಆಡಿಸುತ್ತಿದ್ದೆ. ಅವನಿಗೆ ಅದು ತಿಳಿಯಿತೋ ಏನೋ. ಪಲ್ಲವಿ ಬಂದಾಗ ಮೈಕು ಬಿಟ್ಟು ನನ್ನ ಹತ್ತಿರ ಬಂದ, ಬಗ್ಗಿ ಅಡ್ಡಪಟ್ಟಿಯ ಇನ್ನೊಂದು ತುದಿಗೆ ತನ್ನ ಗಲ್ಲ ಇಟ್ಟು ಹಾಡಿದ. ಒಂದು ಸಿಮ್ಸಿಮಿಯಾಕ್ಕೆ ಎರಡು ಮುದಿ ಗಡ್ಡ. ಜನ ಬಿದ್ದು ಬಿದ್ದು ನಕ್ಕರು. ನಗಲಿ.

ಅವನ ಧ್ವನಿ ಮರದೊಳಗಿಂದ ನನ್ನ ತಲೆಗೆ ಬಂತು. ಬಹಳ ಹಣ್ಣಾಗಿದೆ ಅದು, ಅಂಚಿನಲ್ಲಿ ಸ್ವಲ್ಪ ಹರಿದಿದೆ, ನನಗೆ ಗೊತ್ತೇ ಇರಲಿಲ್ಲ. ಆದರೆ ಹಾಡು ಸುಲಭವಾಗಿ ಮೇಲೆ ಹೋಯಿತು, ಒಂದು ನರವೂ ಉಬ್ಬಲಿಲ್ಲ. ನಾನು ಬಾರಿಸುವುದನ್ನು ಮರೆತೆ. ಮಿಕ್ಕವರು ಬಾರಿಸಿಕೊಂಡರು.

ಶನಿವಾರದ ಬಸ್ಸಿಗೆ ಬರುತ್ತಿದ್ದೇನೆ. ನಿನ್ನ ರಬ್ಬರ್ ಬಟ್ಟಲುಗಳನ್ನು ತಲೆಗೆ ಅಂಟಿಸು, ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಕತ್ತರಿಸುವುದಿದ್ದರೆ ಕತ್ತರಿಸಲಿ, ತಕರಾರಿಲ್ಲ. ಹಾಜಿಯನ್ನೂ ದೂರದಿಂದ ತೋರಿಸು.

ಸಿಮ್ಸಿಮಿಯಾವನ್ನೂ ತರುತ್ತಿದ್ದೇನೆ. ನಿನ್ನ ಯಂತ್ರವೆಲ್ಲ ಆಮೇಲೆ. ಮೊದಲು ಅದರ ಆ ತುದಿಗೆ ನೀನು ಗಲ್ಲ ಇಡು, ಈ ತುದಿಗೆ ನಾನು ಇಡುತ್ತೇನೆ. ಏನಾದರೂ ಮಾತಾಡು. ಕೋಳಿ ತಿಂದಿರಾ ಎಂದು ಕೇಳಿದರೂ ಸಾಕು.

ಫೋನ್ ಕೆಟ್ಟಿರಲಿಲ್ಲ ಮಗಳೇ.

ನಿನ್ನ ಅಪ್ಪ
ಮಿತ್ವಲ್ಲಿ